ಕಡ್ಡಿಯಣ್ಣ ಕಡಲಿಗೆ ಹೋದದ್ದು

ಇಪ್ಪತ್ತಾರು ವರ್ಷ ಸಮುದ್ರದ ಪಕ್ಕದಲ್ಲೇ ಕೆಲಸ ಮಾಡಿ, ಒಂದು ದಿನವೂ ಬೋಟು ಹತ್ತದ ಮನುಷ್ಯ ಯಾರಾದರೂ ಇದ್ದಾನೆಯೇ ಎಂದು ಕೇಳಿದರೆ ಆ ಬಂದರಿನಲ್ಲಿ ಎಲ್ಲರೂ ಮೀನು ಇಳಿಸುವ ಶೆಡ್ಡಿನತ್ತ ಕೈ ತೋರಿಸುತ್ತಿದ್ದರು. ಅಲ್ಲಿ ಒದ್ದೆ ಸಿಮೆಂಟು ನೆಲದ ಮೇಲೆ, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಜೇಬಿನಲ್ಲಿ ಪೆನ್ನು ಇರಬೇಕಾದ ಜಾಗದಲ್ಲಿ ಒಂದು ತೆಳ್ಳನೆಯ ಉಕ್ಕಿನ ಕೊಳವೆ ಸಿಕ್ಕಿಸಿಕೊಂಡು ನಿಂತಿರುತ್ತಿದ್ದವನೇ ಕಡ್ಡಿಯಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ರಿಜಿಸ್ಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ.

ಅವನ ಕೆಲಸ ಮೀನಿಗೆ ದರ್ಜೆ ಹೇಳುವುದು. ಬೋಟುಗಳಿಂದ ಇಳಿದ ಟ್ಯೂನಾ ಮೀನುಗಳನ್ನು ಉದ್ದನೆಯ ಮೇಜಿನ ಮೇಲೆ ಸಾಲಾಗಿ ಮಲಗಿಸುತ್ತಾರೆ. ಕಡ್ಡಿಯಣ್ಣ ಆ ಕೊಳವೆಯನ್ನು ಮೀನಿನ ರೆಕ್ಕೆಯ ಹಿಂದೆ ಚುಚ್ಚಿ, ಒಂದು ಸುತ್ತು ತಿರುಗಿಸಿ ಹೊರಗೆಳೆಯುತ್ತಾನೆ. ಒಳಗಿನ ಮಾಂಸ ಕಡ್ಡಿಯ ಹಾಗೆ ಕೊಳವೆಯಲ್ಲಿ ಬಂದಿರುತ್ತದೆ. ಅದನ್ನು ಬಿಳಿ ತಟ್ಟೆಗೆ ತಳ್ಳಿ, ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿನಿಂದ ಒತ್ತಿ ನೋಡುತ್ತಾನೆ. ದಾಳಿಂಬೆ ಕೆಂಪಾಗಿ ಹೊಳೆದರೆ ಒಂದು. ಬಣ್ಣ ಮಬ್ಬಾಗಿದ್ದರೆ, ಎಲ್ಲಾದರೂ ಪೆಟ್ಟು ಬಿದ್ದು ಕಂದಿದ್ದರೆ ಎರಡು. ಬೇಯಿಸಿದ ಹಾಗೆ ಬಿಳಿಚಿಕೊಂಡು ಮೆತ್ತಗಾಗಿದ್ದರೆ ಮೂರು. ಕಡ್ಡಿ ಮುರಿದ ಹಾಗೆ ಹೇಳಿ ಮುಂದಿನ ಮೀನಿಗೆ ಹೋಗಿಬಿಡುತ್ತಾನೆ. ಗೋಗರೆದರೂ ಅಷ್ಟೆ, ಅಪ್ಪನಿಂದ ಹಿಡಿದು ಅಜ್ಜನವರೆಗೆ ಎತ್ತಿ ಬೈದರೂ ಅಷ್ಟೆ.

ಯಾರ ಹಂಗೂ ಬೇಡವೆಂದು ಅವನು ಮೀನುಗಾರರು ಕೊಡಿಸುವ ಚಹಾ ಕೂಡ ಮುಟ್ಟುತ್ತಿರಲಿಲ್ಲ. ಮನೆಯಿಂದ ಫ್ಲಾಸ್ಕಿನಲ್ಲಿ ತಂದದ್ದನ್ನೇ ಮೂಲೆಯಲ್ಲಿ ನಿಂತು ಕುಡಿಯುತ್ತಿದ್ದ. ಇಂಥವರನ್ನು ಊರು ಗೌರವಿಸುವುದೇನೋ ಹೌದು, ಆದರೆ ಮದುವೆಗೆ ಕರೆಯುವಾಗ ಎಲ್ಲರಿಗಿಂತ ಕೊನೆಗೆ ಕರೆಯುತ್ತದೆ.

ಬೋಟು ಹತ್ತದ್ದಕ್ಕೆ ಕಾರಣ ದೊಡ್ಡದೇನಲ್ಲ. "ಬಚ್ಚಲಲ್ಲಿ ಬಕೆಟ್ ನೀರು ಅಲ್ಲಾಡಿದ್ರೂ ತಲೆ ಸುತ್ತು ಅಂತಾರೆ ನಮ್ಮನೆಯವರು," ಎಂದು ಅವನ ಹೆಂಡತಿ ನೆರೆಮನೆಯವರ ಮುಂದೆ ನಗುತ್ತಿದ್ದಳು. ಅವನೂ ಅಲ್ಲಗಳೆಯುತ್ತಿರಲಿಲ್ಲ. ಸಮುದ್ರದಲ್ಲಿ ಏನು ನಡೆಯುತ್ತದೆ ಎಂದು ತಿಳಿಯಲು ಸಮುದ್ರಕ್ಕೇ ಹೋಗಬೇಕಾಗಿಲ್ಲ, ಮೀನಿನ ಮಾಂಸ ನೋಡಿದರೆ ಸಾಕು ಎಂಬುದು ಅವನ ನಂಬಿಕೆ. ಮೂರನೇ ದರ್ಜೆಯ ಮೀನು ಬಂದರೆ ಅವನ ಬಾಯಲ್ಲಿ ಒಂದೇ ಮಾತು: "ಐಸ್ ಸಾಲದು." ಅವನಿಗೆ ಕೆಲಸ ಕಲಿಸಿದ ಮುದುಕರೂ ಹಾಗೇ ಹೇಳುತ್ತಿದ್ದರು.

ಈ ಕಡ್ಡಿಯಣ್ಣನಿಗೆ ಒಬ್ಬಳೇ ತಂಗಿ. ಅವಳು ಮತ್ತು ಅವಳ ಗಂಡ ಇಪ್ಪತ್ತೆರಡು ಅಡಿಯ ಒಂದು ಫೈಬರ್ ಬೋಟಿಗೆ ಎರಡು ಇಂಜಿನ್ ಕಟ್ಟಿಸಿಕೊಂಡು, ದಡ ಕಾಣದಷ್ಟು ದೂರ ಹೋಗಿ ಗಾಳದಲ್ಲಿ ಟ್ಯೂನಾ ಹಿಡಿಯುತ್ತಿದ್ದರು. ಗಂಡನ ಭುಜದ ಕೀಲು ತಪ್ಪಿ ಅವನು ಮನೆ ಹಿಡಿದ ಮೇಲೆ ತಂಗಿ ಒಬ್ಬಳೇ ಹೋಗುತ್ತಿದ್ದಳು. ಬಂದರಿನ ಗಂಡಸರು ಮೊದಮೊದಲು ಮೂಗು ಮುರಿದರು, ಆಮೇಲೆ ಅವಳು ಇಂಜಿನ್ ಬಿಚ್ಚಿ ಜೋಡಿಸುವುದನ್ನು ನೋಡಿ ಬಾಯಿ ಮುಚ್ಚಿಕೊಂಡರು.

ಶೆಡ್ಡಿನಲ್ಲಿ ಒಂದು ಪಟ್ಟಿಯಿತ್ತು. ಅದರಲ್ಲಿದ್ದ ಬೋಟುಗಳ ಮೀನನ್ನು ಮಾತ್ರ ಶೆಡ್ಡು ತೆಗೆದುಕೊಳ್ಳುತ್ತಿತ್ತು. ಸತತ ಮೂರು ಸಲ ಮೂರನೇ ದರ್ಜೆಯ ಮೀನನ್ನಷ್ಟೇ ತಂದ ಬೋಟು ಪಟ್ಟಿಯಿಂದ ಹೊರಗೆ, ಮತ್ತೆ ಅತ್ತ ತಲೆ ಹಾಕುವಂತಿಲ್ಲ. ಆಮೇಲೆ ಅಂಥ ಮೀನಿಗೆ ಉಳಿಯುವುದು ಕೋಳಿ ಆಹಾರ ಮಾಡುವ ಪುಡಿ ಕಾರ್ಖಾನೆಯೊಂದೇ. ಅಲ್ಲಿಗೆ ಹಾಕಿ ಬೋಟು ಉಳಿಸಿಕೊಂಡವರು ಯಾರೂ ಇಲ್ಲ. ತಂಗಿಯ ಬೋಟಿಗೆ ಈಗ ಎರಡು ಸಲ ಆಗಿತ್ತು. ಎರಡೂ ಸಲ "ಮೂರು" ಎಂದವನು ಒಡಹುಟ್ಟಿದ ಅಣ್ಣ.

"ಸರಿಯಾಗಿ ನೋಡಣ್ಣ," ಎಂದಿದ್ದಳು ಅವಳು ಎರಡನೇ ಸಲ, ಮೇಜಿನ ಆಚೆ ನಿಂತು.

"ನೋಡಿದೆ. ಮೂರು. ಐಸ್ ಸಾಲದು."

"ಪೆಟ್ಟಿಗೆ ತುಂಬ ಐಸ್ ಇತ್ತು!"

"ಎಲ್ರೂ ಹಾಗೇ ಹೇಳ್ತಾರೆ."

ಅವತ್ತು ಸಂಜೆ ಅವನಿಗೆ ಮನೆಯಲ್ಲಿ ಕಾಲು ನಿಲ್ಲಲಿಲ್ಲ. ಎರಡು ಬೀದಿ ದಾಟಿ ತಂಗಿಯ ಮನೆಗೆ ಹೋದ. ಮುಂದಿನ ಕೋಣೆಯಲ್ಲಿ ಅವಳ ಗಂಡ ಎಡಗೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಇಳಿಬಿಟ್ಟುಕೊಂಡು, ಇನ್ನೊಂದು ಕೈಯಿಂದ ಗಾಳದ ದಾರವನ್ನು ಮರದ ಉರುಳೆಗೆ ಸುತ್ತುತ್ತಿದ್ದ. ಕುರ್ಚಿಯ ಮೇಲೆ ಒದ್ದೆ ಮಳೆಕೋಟು ಒಣಗಲು ಹಾಕಿತ್ತು. "ಬನ್ನಿ ಭಾವ, ಕೂತ್ಕೊಳ್ಳಿ," ಎಂದವನು ಕೂರಲು ಜಾಗ ಹುಡುಕಿ ತಾನೇ ಎದ್ದುನಿಂತ. ತಂಗಿ ಒಳಗಿನಿಂದ ಬಂದಳು. ನೀರೂ ಕೊಡಲಿಲ್ಲ.

"ಊರೆದುರು ನನ್ನನ್ನ ಐಸ್ ಕಳ್ಳಿ ಅಂದುಬಿಟ್ಟೆ," ಎಂದಳು. "ನಿನ್ನ ಕಣ್ಣು ತಪ್ಪು ಅನ್ನಲ್ಲ ನಾನು. ಮಾಂಸ ಬಿಳಿಚಿದ್ದು ನನಗೂ ಕಾಣ್ತು. ಆದ್ರೆ ಐಸ್ ನಾನೇ ತುಂಬಿದ್ದು, ನಾನೇ ಹೊತ್ತಿದ್ದು. ಸೋಮವಾರ ನಿನಗೆ ರಜೆ ತಾನೇ? ಬಾ ಬೋಟಿಗೆ. ಕಣ್ಣಾರೆ ನೋಡು. ನನ್ನ ಕೈಯಲ್ಲಿ ತಪ್ಪಿದ್ರೆ ನಾನೇ ಬೋಟ್ ಮಾರ್ತೀನಿ, ಪಟ್ಟಿಯಿಂದ ತೆಗೆಯೋ ಕಷ್ಟ ನಿನಗೆ ಬೇಡ."

ಅವಳು ಸುಮ್ಮನೆ ಆಡಿದ ಮಾತಲ್ಲ ಅದು. ಕಡ್ಡಿಯಣ್ಣನಿಗೆ ಬಚ್ಚಲಿನ ಬಕೆಟ್ಟು ನೆನಪಾಯಿತು. ಆದರೂ "ಎಷ್ಟು ಗಂಟೆಗೆ?" ಎಂದು ಕೇಳಿದ.

ಸೋಮವಾರ ಬೆಳಕು ಹರಿಯುವಾಗ ಹೊರಟರು. ಹೆಂಡತಿ ನಾಲ್ಕು ನಿಂಬೆಹಣ್ಣು, ಒಂದು ಟವೆಲ್ಲು, ಒಂದು ಕಟ್ಟು ಪ್ಲಾಸ್ಟಿಕ್ ಚೀಲ ಕೊಟ್ಟಿದ್ದಳು. ಅವನು ತನ್ನಷ್ಟಕ್ಕೆ ಕೊಳವೆಯನ್ನೂ ಬಿಳಿ ತಟ್ಟೆಯನ್ನೂ ಚೀಲಕ್ಕೆ ಹಾಕಿಕೊಂಡಿದ್ದ. ಐಸ್ ತುಂಬುವಾಗ ಪಕ್ಕದಲ್ಲೇ ನಿಂತು ಬುಟ್ಟಿ ಎಣಿಸಿದ. ಹದಿನಾಲ್ಕು ಬುಟ್ಟಿ. ಪೆಟ್ಟಿಗೆಯ ಮುಚ್ಚಳ ಹಾಕಲು ತಂಗಿ ಅದರ ಮೇಲೆ ಕೂರಬೇಕಾಯಿತು. ಐಸ್ ಸಾಲದು ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಬಂದರು ದಾಟಿದ್ದೇ ತಡ ತಂಗಿ ಎರಡೂ ಇಂಜಿನ್ನುಗಳನ್ನು ಪೂರ್ತಿ ಬಿಟ್ಟಳು. ಬೋಟಿನ ಮೂತಿ ಮೇಲೆದ್ದಿತು, ಕಡ್ಡಿಯಣ್ಣನ ಬೆಳಗಿನ ತಿಂಡಿಯೂ ಮೇಲೆದ್ದಿತು. ಮೊದಲ ಅರ್ಧ ಗಂಟೆಯಲ್ಲಿ ಎರಡು ಚೀಲ ಖರ್ಚಾದವು. ಅಲೆಯಿಂದ ಅಲೆಗೆ ಬೋಟು ಧಡ್ ಧಡ್ ಎಂದು ಬೀಳುತ್ತಿದ್ದಾಗ ಅವನು ಕಬ್ಬಿಣದ ಕಂಬಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು, ನಿಂಬೆಹಣ್ಣನ್ನು ಸಿಪ್ಪೆಸಹಿತ ಕಚ್ಚುತ್ತ ಕೂತಿದ್ದ.

"ವಾಪಸ್ ಹೋಗೋಣ್ವಾ?" ತಂಗಿ ಕೂಗಿದಳು. ನಿಜ ಹೇಳಬೇಕೆಂದರೆ ಅವಳ ದನಿಯಲ್ಲಿ ಕನಿಕರಕ್ಕಿಂತ ಖುಷಿಯೇ ಹೆಚ್ಚಿತ್ತು.

"ಸತ್ರೂ ಇಲ್ಲ," ಎಂದ ಅವನು, ಮೂರನೇ ಚೀಲ ಬಿಡಿಸುತ್ತ.

ಎರಡು ಗಂಟೆಯ ನಂತರ ನೀರಿನ ಬಣ್ಣ ಶಾಯಿಯಷ್ಟು ಕಡುನೀಲಿಯಾಯಿತು. ದೂರದಲ್ಲಿ ಹಕ್ಕಿಗಳ ಹಿಂಡು ನೀರಿಗೆ ಎರಗುತ್ತಿತ್ತು. ಹಕ್ಕಿಗಳ ಕೆಳಗೆ ಸಣ್ಣ ಮೀನು, ಸಣ್ಣ ಮೀನಿನ ಕೆಳಗೆ ಟ್ಯೂನಾ. ತಂಗಿ ವೇಗ ಇಳಿಸಿ, ರಬ್ಬರಿನ ಹುಸಿಮೀನು ಕಟ್ಟಿದ ಗಾಳವನ್ನು ಹಿಂದೆ ಇಳಿಬಿಟ್ಟಳು. ಬೆರಳುಗಳಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಂಡಳು. ಹಿಂಡನ್ನು ಬಳಸಿ ಎರಡು ಸುತ್ತು ಹಾಕುವಷ್ಟರಲ್ಲಿ ದಾರ ಸರ್ರನೆ ಓಡಿತು.

ಕಡ್ಡಿಯಣ್ಣನಿಗೆ ವಾಂತಿ ಮರೆತೇಹೋಯಿತು. ಅಷ್ಟು ಬಲದ ಜೀವ ತನ್ನ ಮೇಜಿನ ಮೇಲೆ ದಿನವೂ ಮಲಗುತ್ತಿತ್ತೆಂದು ಅವನಿಗೆ ಆವತ್ತೇ ಗೊತ್ತಾದದ್ದು. ಆದರೆ ತಂಗಿ ಎಳೆಯಲಿಲ್ಲ. ಕಾಲನ್ನು ಬೋಟಿನ ಅಂಚಿಗೆ ಒತ್ತಿ ಕೂತು, ಮೀನು ಓಡಿದಾಗ ದಾರ ಬಿಟ್ಟಳು, ನಿಂತಾಗ ಒಂದಿಷ್ಟು ಸೆಳೆದಳು, ಮತ್ತೆ ಬಿಟ್ಟಳು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಅವನು ಅಭ್ಯಾಸಬಲದಿಂದ ಗಡಿಯಾರ ನೋಡುತ್ತಲೇ ಇದ್ದ. ಒಂದು ಗಂಟೆ ಹತ್ತು ನಿಮಿಷಕ್ಕೆ ಮೀನು ಬೋಟಿನ ಪಕ್ಕಕ್ಕೆ ಬಂತು. ಪೂರ್ತಿ ಸೋತಿತ್ತು. ತಲೆಗೆ ಕೊಕ್ಕೆ ಹಾಕಿ ಇಬ್ಬರೂ ಒಳಗೆಳೆದುಕೊಂಡಾಗ ಅದು ಬಾಲವನ್ನೂ ಬಡಿಯಲಿಲ್ಲ.

ತಂಗಿ ಚೂರಿ ಹಾಕಿ ರಕ್ತ ಹರಿಸಿದಳು, ಹೊಟ್ಟೆ ಸೀಳಿದಳು. "ಕರುಳು ಕಿತ್ತು ಹಾಕು, ನಾನು ಐಸ್ ಸರಿಸ್ತೀನಿ," ಎಂದು ಆಚೆ ತಿರುಗಿದಳು. ಕಡ್ಡಿಯಣ್ಣ ತೋಳು ಮಡಿಸಿ ಮೀನಿನೊಳಗೆ ಕೈ ಹಾಕಿದ.

ಹಾಕಿದವನು ಥಟ್ಟನೆ ಹಿಂದಕ್ಕೆಳೆದುಕೊಂಡ. ಇಪ್ಪತ್ತಾರು ವರ್ಷದಲ್ಲಿ ಸಾವಿರಾರು ಟ್ಯೂನಾ ಮುಟ್ಟಿದ್ದ ಕೈ ಅದು. ಶೆಡ್ಡಿಗೆ ಬರುವ ಮೀನೆಲ್ಲ ಐಸಿನಿಂದ ಎದ್ದು ಬಂದದ್ದು. ಬೆರಳು ಮರಗಟ್ಟುವಷ್ಟು ತಣ್ಣಗೆ. ಇದರ ಒಳಗೆ ಕಾಯಿಸಿಟ್ಟ ಹಾಲಿನ ಪಾತ್ರೆಯ ಬಿಸಿ ಇತ್ತು.

"ಬಿಸಿ ಇದೆಯಲ್ಲೇ ಇದು!"

"ಇಷ್ಟು ಹೊತ್ತು ಓಡಿದೆ, ಬಿಸಿ ಆಗದೆ? ಯಾವಾಗ್ಲೂ ಹಾಗೇ ಇರತ್ತೆ," ಎಂದಳು ತಂಗಿ, ಇದೇನು ದೊಡ್ಡ ವಿಷಯ ಎಂಬಂತೆ.

ಅವನು ಚೀಲದಿಂದ ಕೊಳವೆ ತೆಗೆದ. ತೂಗಾಡುವ ಬೋಟಿನಲ್ಲಿ ಮೊಣಕಾಲೂರಿ, ರೆಕ್ಕೆಯ ಹಿಂದೆ ಚುಚ್ಚಿ, ತಿರುಗಿಸಿ ಎಳೆದ. ತಟ್ಟೆಯ ಮೇಲೆ ಬಿದ್ದ ಮಾಂಸದ ಕಡ್ಡಿ ಬಿಳಿಚಿಕೊಂಡಿತ್ತು, ಒತ್ತಿದರೆ ನೀರು ಬಿಟ್ಟುಕೊಂಡಿತು. ಮೂರು. ಐಸಿನ ಒಂದು ಚೂರೂ ಇನ್ನೂ ಅದನ್ನು ಮುಟ್ಟಿರಲಿಲ್ಲ. ಮೀನು ಸಮುದ್ರದೊಳಗೇ, ತನ್ನ ಮೈಯ ಬಿಸಿಗೆ ತಾನೇ ಬೆಂದುಹೋಗಿತ್ತು.

"ಬೇಗ ಯಾಕೆ ಎಳೆಯಲಿಲ್ಲ ನೀನು?"

ತಂಗಿ ಐಸಿನ ಸಲಿಕೆ ಹಿಡಿದೇ ಅವನನ್ನು ನೋಡಿದಳು. "ನೀನೇ ತಾನೇ ಹೇಳಿದ್ದು! ಜೀವ ಇರೋ ಮೀನು ಎತ್ತಿದ್ರೆ ಬೋಟಲ್ಲಿ ಬಡ್ಕೊಂಡು ಮಾಂಸ ಕಂದುತ್ತೆ, ಚೆನ್ನಾಗಿ ದಣಿಸಿ ಎತ್ತಿ ಅಂತ. ಇವರು ಜೊತೆಗಿದ್ದಾಗ ನಿನ್ನ ಮಾತು ಎಲ್ಲಿ ಕೇಳ್ತಿದ್ರು, ದಬದಬ ಎಳೆದು ಹಾಕ್ತಿದ್ರು. ಒಬ್ಬಳೇ ಬರೋಕೆ ಶುರು ಮಾಡಿದ್ಮೇಲೆ ನಾನು ನೀನು ಹೇಳಿದ ಹಾಗೇ ಮಾಡ್ತಿದೀನಿ. ಅಕ್ಷರಕ್ಕೆ ಅಕ್ಷರ."

ಕಡ್ಡಿಯಣ್ಣ ತಟ್ಟೆಯನ್ನು ಕೆಳಗಿಟ್ಟ. ಹೇಳಿದ್ದು ಹೌದು. ಮೇಜಿನ ಮೇಲೆ ಕಂದಿದ ಮಾಂಸ ಕಂಡಾಗಲೆಲ್ಲ ಹೇಳಿದ್ದ, ತಿಳಿದವನ ಗತ್ತಿನಲ್ಲಿ ಹೇಳಿದ್ದ. ಎರಡನೇ ದರ್ಜೆಯ ಮೀನು ಒಂದಾಗಲಿ ಎಂದು ಹೇಳಿದ ಮಾತು ಅದನ್ನು ಮೂರಕ್ಕೆ ತಳ್ಳಿತ್ತು. ಆ ಮೂರನ್ನು ಕೂಗಿದವನೂ ಅವನೇ. ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು.

"ತಪ್ಪು ನನ್ನದು ಕಣೇ," ಎಂದ.

ತಂಗಿ ತಲೆ ತಗ್ಗಿಸಿ ಮೀನನ್ನೇ ನೋಡಿದಳು. "ಇದನ್ನ ನೀರಿಗೆ ಎಸೆದುಬಿಡ್ಲಾ? ಬರಿಗೈಲಿ ಹೋದ್ರೆ ಲೆಕ್ಕಕ್ಕಿಲ್ಲ," ಎಂದಳು.

"ನಾನು ನೋಡಿ ಆಯ್ತು. ನೋಡಿದ್ಮೇಲೆ ಇಲ್ಲ ಅನ್ನೋಕಾಗಲ್ಲ."

"ನಿನ್ನ ಸತ್ಯಕ್ಕೆ ನನ್ನ ಬೋಟೇ ಬೇಕಿತ್ತಾ?" ಅವಳ ಕಣ್ಣಲ್ಲಿ ನೀರು ಬಂದಿತ್ತು, ಸಿಟ್ಟಿನ ನೀರು.

"ಇನ್ನೊಂದು ಹಿಡಿಯೋಣ. ಒಂದಾದ್ರೂ ಎರಡನೇ ದರ್ಜೆ ಬಂದ್ರೆ ನಿನ್ನ ಬೋಟು ಉಳಿಯುತ್ತೆ. ಪೆಟ್ರೋಲ್ ಎಷ್ಟಿದೆ?"

"ಬೇಟೆಗೆ ಅಂತ ಒಂದು ಗಂಟೆದು. ಆಮೇಲೆ ಮನೆ ದಾರಿ ಹಿಡೀಲೇಬೇಕು."

"ಆ ಟ್ಯೂಬಿನ ತುಂಡು ನನಗೂ ಕೊಡು," ಎಂದ ಕಡ್ಡಿಯಣ್ಣ.

ಹಕ್ಕಿಗಳು ಚದುರಿದ್ದವು. ಅವನ್ನು ಮತ್ತೆ ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಅವಳು ನೀರು ನೋಡಿದಳು, ಅವನು ಪೆಟ್ರೋಲಿನ ಮುಳ್ಳು ನೋಡಿದ. ಕೊನೆಗೆ ಗಾಳ ಜಗ್ಗಿದಾಗ ಇಬ್ಬರೂ ಒಟ್ಟಿಗೇ ದಾರಕ್ಕೆ ಬಿದ್ದರು.

"ಬಿಡಬೇಡ, ಎಳಿ!"

"ದಾರ ಕಡಿದ್ರೆ?"

"ಕಡೀಲಿ. ಎಳಿ!"

ಮುಂದೆ ತಂಗಿ, ಹಿಂದೆ ಅಣ್ಣ. ಮೀನು ಕೆಳಕ್ಕೆ ಜಗ್ಗಿದರೆ ಹಲ್ಲು ಕಚ್ಚಿ ಹಿಡಿದರು, ಒಂದು ಗೇಣು ಸಡಿಲವಾದರೆ ಎರಡು ಗೇಣು ಎಳೆದುಕೊಂಡರು. ಟ್ಯೂಬು ಜಾರಿದ ಕಡೆ ದಾರ ಅವನ ಅಂಗೈಯನ್ನು ಕೊಯ್ದಿತು. ರಕ್ತ ಮೊಣಕೈಗೆ ಇಳಿಯಿತು. ತಟ್ಟೆ ಹಿಡಿಯುವ ಕೈ ಅದು, ಭಾರ ಎತ್ತಿ ಗೊತ್ತಿಲ್ಲ. ಬಿಟ್ಟರೆ ಸಾಕು ಎಂದು ಮೈಯೆಲ್ಲ ಕೂಗುತ್ತಿತ್ತು. ಅವನು ಬಿಡಲಿಲ್ಲ. ಹತ್ತೊಂಬತ್ತನೇ ನಿಮಿಷಕ್ಕೆ ಮೀನಿನ ಹಳದಿ ರೆಕ್ಕೆ ನೀರಿನಲ್ಲಿ ಮಿಂಚಿತು. ತಂಗಿ ಕೊಕ್ಕೆ ಹಾಕಿದಳು.

ಈ ಮೀನಿಗೆ ಜೀವ ಮಾತ್ರವಲ್ಲ, ರೋಷವೂ ಇತ್ತು. ಬೋಟಿನೊಳಗೆ ಬಿದ್ದದ್ದೇ ಐಸ್ ಪೆಟ್ಟಿಗೆಗೆ, ಪೆಟ್ರೋಲ್ ಡಬ್ಬಕ್ಕೆ, ಕಡ್ಡಿಯಣ್ಣನ ಮೊಣಕಾಲ ಚಿಪ್ಪಿಗೆ ಬಾಲದಿಂದ ಬಾರಿಸಿತು. "ಅಮುಕಿ ಹಿಡಿ ಅದನ್ನ!" ಎಂದು ತಂಗಿ ಕಿರುಚಿದಳು. ಅವನು ಒದ್ದೆ ಗೋಣಿಚೀಲ ಹಿಡಿದು ಮೀನಿನ ಮೇಲೆ ಅಡ್ಡಬಿದ್ದ, ಶರೀರದ ಅಷ್ಟೂ ಭಾರ ಹಾಕಿ. ಅವಳು ತಲೆಗೆ ಒಂದೇ ಏಟು ಹಾಕಿ ಸುಮ್ಮನಾಗಿಸಿದಳು, ರಕ್ತ ಬಿಟ್ಟಳು, ಹೊಟ್ಟೆ ಸೀಳಿದಳು. ಅವನು ಕೈ ಹಾಕಿ ನೋಡಿದ. ಬೆಚ್ಚಗಿತ್ತು, ಅಷ್ಟೆ. ಐದು ನಿಮಿಷದಲ್ಲಿ ಅದು ಐಸಿನೊಳಗೆ ಹೂತುಹೋಗಿತ್ತು.

ಮನೆಯ ಕಡೆ ತಿರುಗಿದ ಮೇಲೆ ತಂಗಿ ಅವನ ಅಂಗೈಗೆ ಟವೆಲ್ಲು ಹರಿದು ಕಟ್ಟಿದಳು. ವಾಂತಿ ಮಾಡಲು ಅವನ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ.

"ನಿನಗೆ ಮಾತ್ರ ಹೇಳಿದ್ದಾ ನಾನು, ದಣಿಸಿ ಎತ್ತು ಅಂತ?" ಎಂದು ಅವನು ಕೇಳಿದ.

"ಎಲ್ರಿಗೂ ಹೇಳಿದ್ದೀಯ. ಹೊಸ ಬೋಟಿನವರು ಬಂದ್ರೆ ಮೊದಲು ನಿನ್ನನ್ನೇ ತಾನೇ ಕೇಳೋದು. ನಿನ್ನ ಮಾತು ಅಂದ್ರೆ ಅಷ್ಟು ನಂಬಿಕೆ ಬಂದರಲ್ಲಿ." ಚುಚ್ಚಬೇಕೆಂದು ಅವಳು ಅದನ್ನು ಹೇಳಲಿಲ್ಲ. ಆದರೂ ಅವನಿಗೆ ಅಂಗೈಗಿಂತ ಹೆಚ್ಚು ಉರಿಯಿತು. ದಾರಿಯುದ್ದಕ್ಕೂ ಯಾರ್‍ಯಾರಿಗೆ ಹೇಳಿದೆ ಎಂದು ನೆನಪು ಮಾಡಿಕೊಳ್ಳುತ್ತ ಕೂತ. ಮುಖಗಳು ಒಂದರ ಹಿಂದೊಂದು ಬಂದವು.

ಸೋಮವಾರ ಬಂದ ಮೀನಿಗೆ ದರ್ಜೆ ಸಿಗುವುದು ಮಂಗಳವಾರ ಬೆಳಿಗ್ಗೆ. ಅಣ್ಣ ತಂಗಿಯ ಜೊತೆ ಸಮುದ್ರಕ್ಕೆ ಹೋದ ಸುದ್ದಿ ಆಗಲೇ ಬಾಯಿಂದ ಬಾಯಿಗೆ ಹಬ್ಬಿ, ಮೇಜಿನ ಸುತ್ತ ಜನ ಕಿಕ್ಕಿರಿದಿದ್ದರು. "ತಂಗಿ ಮೀನಿಗೆ ಅಣ್ಣನದೇ ದರ್ಜೆ. ಇವತ್ತು ಒಂದೇ ಒಂದು!" ಎಂದು ಹಿಂದಿನಿಂದ ಯಾರೋ ನಗೆಯಾಡಿದರು.

ಕಡ್ಡಿಯಣ್ಣ ಮೊದಲನೇ ಮೀನಿಗೆ ಚುಚ್ಚಿದ. "ಮೂರು," ಎಂದ. ತಂಗಿ ಮೇಜಿನ ಅಂಚನ್ನು ಹಿಡಿದುಕೊಂಡಳು. ಎರಡನೆಯದಕ್ಕೆ ಚುಚ್ಚಿದ. ತಟ್ಟೆಗೆ ಬಿದ್ದ ಮಾಂಸ ಕಿಟಕಿಯ ಬೆಳಕಿಗೆ ಕೆಂಪಗೆ ಹೊಳೆಯಿತು. ಅವನು ಮೀನನ್ನು ಮಗುಚಿ ಆಚೆ ಮಗ್ಗುಲಿಗೂ ಒಮ್ಮೆ ಚುಚ್ಚಿದ. ಅಲ್ಲಿ ಒಂದು ಕಡೆ ಕಪ್ಪಾಗಿ ಕಂದಿತ್ತು. ತಟ್ಟೆಯನ್ನು ಎದುರಿಗಿದ್ದವನ ಕೈಗೆ ಕೊಟ್ಟು, "ನೀವೂ ನೋಡಿ, ಎಲ್ರೂ ನೋಡಿ," ಎಂದ. ತಟ್ಟೆ ಕೈಯಿಂದ ಕೈಗೆ ಒಂದು ಸುತ್ತು ಹೋಗಿ ಬಂತು.

"ಎರಡು," ಎಂದ ಕಡ್ಡಿಯಣ್ಣ.

ಬೋಟು ಉಳಿಯಿತು. ತಂಗಿಯ ಎದೆಯಿಂದ ಉಸಿರು ಹೊರಬಿದ್ದದ್ದು ಎಲ್ಲರಿಗೂ ಕೇಳಿಸಿತು. ಮರುಕ್ಷಣವೇ ಅವಳು, "ಅಷ್ಟು ಚೂರು ಕಂದಿದ್ದಕ್ಕೆ ಎರಡಾ?" ಎಂದು ಏರಿಹೋದಳು.

"ಅದು ನನ್ನ ಮೊಣಕೈ ಊರಿದ ಜಾಗ. ಏನು ಮಾಡ್ಲಿ?"

ಶೆಡ್ಡು ಗೊಳ್ಳೆಂದು ನಕ್ಕಿತು. ನಗು ನಿಲ್ಲುವವರೆಗೆ ಅವನು ಕಾದ. ಆಮೇಲೆ ತೂಕದ ಕಟ್ಟೆಯ ಮೇಲೆ ಹತ್ತಿ ನಿಂತ. ಅವನು ಒಂದು, ಎರಡು, ಮೂರು ಬಿಟ್ಟು ಬೇರೇನಾದರೂ ಗಟ್ಟಿಯಾಗಿ ಹೇಳುವುದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

"ಮೀನು ದಣಿಸಿ ಎತ್ತಿ ಅಂತ ನಿಮಗೆಲ್ಲ ಹೇಳಿದ್ದೆ. ಅದು ತಪ್ಪು. ದಣಿದಷ್ಟೂ ಅದರ ಮೈ ಬಿಸಿಯಾಗಿ ಮಾಂಸ ಬೇಯುತ್ತೆ. ಬೇಗ ಎಳೀರಿ. ಕಂದಿದ್ರೆ ಕಂದಲಿ. ನನ್ನ ಮಾತು ಕೇಳಿ ಮೀನು ಕೆಡಿಸ್ಕೊಂಡವರಿಗೆ ನಾನೇ ಮೂರು ಅಂದೆ, ಐಸ್ ಸಾಲದು ಅಂತ ಬೈದೆ. ಐಸಲ್ಲಿ ತಪ್ಪಿರಲಿಲ್ಲ. ನನ್ನಲ್ಲಿತ್ತು."

ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ಮುಂದೆ ನಿಂತಿದ್ದ ಒಬ್ಬ ಕ್ಯಾಕರಿಸಿ ಉಗಿದು ಹೊರಗೆ ನಡೆದ. ಉಳಿದವರು ತಮ್ಮ ತಮ್ಮ ಬುಟ್ಟಿಗಳತ್ತ ಹೋದರು. ಮೇಜಿನ ಕೊನೆಯಲ್ಲಿ ಒಬ್ಬನು ಮಾತ್ರ ಐಸ್ ಪುಡಿ ತುಂಬಿದ ಸಲಿಕೆ ಹಿಡಿದು ನಿಂತಲ್ಲೇ ನಿಂತಿದ್ದ. ಶೆಡ್ಡಿನಲ್ಲಿ ಐಸ್ ಒಡೆಯುವವನು ಅವನು. ಮೂರು ವರ್ಷದ ಹಿಂದೆ ಅವನಿಗೂ ಒಂದು ಬೋಟು ಇತ್ತು. ಪಟ್ಟಿಯಿಂದ ಹೊರಬಿದ್ದ ಎಂಟು ತಿಂಗಳಿಗೆ ಅದನ್ನು ಮಾರಿ ಸಲಿಕೆ ಹಿಡಿದಿದ್ದ.

ಕಡ್ಡಿಯಣ್ಣ ಕಟ್ಟೆಯಿಂದ ಇಳಿದು ಅವನ ಹತ್ತಿರ ಹೋದ.

"ನನಗೂ ಹೇಳಿದ್ರಿ ಅಣ್ಣ ನೀವು," ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಹೇಳಿದ ಹಾಗೇ ಮಾಡ್ದೆ."

"ಗೊತ್ತು. ನಾಳೆ ಬೆಳಿಗ್ಗೆ ನನ್ನ ಜೊತೆ ಶೆಡ್ಡಿನ ಆಫೀಸಿಗೆ ಬಾ."

"ಯಾಕೆ?"

"ನಿನ್ನ ಬೋಟನ್ನ ಪಟ್ಟಿಯಿಂದ ತೆಗೆದದ್ದು ನನ್ನ ತಪ್ಪಿಂದ ಅಂತ ಬರ್ದು ಸೈನ್ ಹಾಕ್ತೀನಿ. ನಿನ್ನ ಹೆಸರು ಪಟ್ಟಿಗೆ ವಾಪಸ್ ಸೇರಬೇಕು."

ಅವನು ಕೈಯಲ್ಲಿದ್ದ ಸಲಿಕೆ ನೋಡಿಕೊಂಡ. "ಬೋಟೇ ಇಲ್ವಲ್ಲ ಅಣ್ಣ ಈಗ."

"ಇಲ್ದಿದ್ರೂ ಬರೀತೀನಿ," ಎಂದ ಕಡ್ಡಿಯಣ್ಣ.

ಐಸಿನವನು ಸಲಿಕೆಯ ಐಸನ್ನು ಮೀನಿನ ಮೇಲೆ ಸುರಿದ. ಕಡ್ಡಿಯಣ್ಣ ಅಲ್ಲೇ ನಿಂತಿದ್ದ. ಇನ್ನೊಂದು ಸಲಿಕೆ ತುಂಬಿಕೊಂಡು, ಅದನ್ನೂ ಸುರಿದು, ಆಮೇಲೆ ಅವನು ತಲೆ ಎತ್ತದೆ ಕೇಳಿದ:

"ಎಷ್ಟು ಗಂಟೆಗೆ ಬರ್ಲಿ?"